ಹದಿನೆಂಟು ವ್ಯಾಟು

ಗುಂಯ್ ಅಂತಿದೆ, ನೀರು ಎತ್ತುತ್ತಿಲ್ಲ.
ಬಕೆಟ್ಟಿನ ಬುಡದಲ್ಲಿ ಕೂತ ಹದಿನೆಂಟು ವ್ಯಾಟಿನ ಕೂಲರ್ ಪಂಪು
ಹದಿನಾರನೇ ಬಾಟಲಿಗೆ ಕೈಯೆತ್ತಿತು.
ಪೈಪಿನ ತುದಿಗೆ ಬೋರಲು ನಿಂತ ಸೀಸೆಯೊಳಗೆ
ಒಂದು ಹನಿ ಏರಲು ನೋಡಿ, ನಾಚಿ, ಇಳಿಯಿತು.

ಇನ್ನೂ ಇಪ್ಪತ್ತಾರು ಉಳಿದಿವೆ.
ಗುಜರಿಯಿಂದ ಕೆಜಿ ಲೆಕ್ಕದಲ್ಲಿ ತಂದವು:
ಸ್ಕ್ವಾಷಿನವು, ಸಾಸಿನವು,
ಯಾರೋ ಕುಡಿಯುತ್ತಾ ಲೇಬಲ್ಲನ್ನು ಉಗುರಲ್ಲಿ ಕೆರೆದು ಕೆರೆದು
ಏನನ್ನೋ ಯೋಚಿಸಿದ ರಮ್ಮಿನವು.
ಮೂಲೆಯ ಜಾಡಿಯಲ್ಲಿ ದ್ರಾಕ್ಷಿ,
ಬಟ್ಟೆ ಕಟ್ಟಿದ ಬಾಯೊಳಗೆ ಮೂರು ವಾರದ ಗುಸುಗುಸು.
ಅದೂ ಕಾಯುವುದಿಲ್ಲ, ಕ್ರಿಸ್ಮಸ್ಸೂ ಕಾಯುವುದಿಲ್ಲ,
ಲಷ್ಕರ್ ಮೊಹಲ್ಲಾದ ಬ್ಲೌಸುಗಳಂತೂ ಮೊದಲೇ ಕಾಯುವುದಿಲ್ಲ.

ಅತ್ತೆ ಸವೇರಿಯಮ್ಮ ಇದ್ದಿದ್ದರೆ
ಒಂದು ಹಿಡಿ ಮರಳು, ನಿಂಬೆಯಷ್ಟು ಹುಣಸೆಹಣ್ಣು,
ಕಿವಿಯ ಹತ್ತಿರ ಹಿಡಿದು ಗಲಗಲ ಕುಲುಕಿ
ಸದ್ದಿನಲ್ಲೇ ಹೇಳುತ್ತಿದ್ದಳು:
ಆಯ್ತು ಇದು. ಆಗಿಲ್ಲ ಅದು.
ನನಗೆ ಆ ಕಿವಿಯಿಲ್ಲ.
ಹೋದ ವರ್ಷ ಕುಲುಕಿದೆ, ಆಯ್ತು ಅಂದೆ,
ಕುತ್ತಿಗೆಯ ತಿರುವಲ್ಲಿ ಅಡಗಿದ್ದ ಕೊಳೆಗೆ
ಎಂಟು ಸೀಸೆ ಹುಳಿಯಾದವು.
ಜನವರಿಯಿಡೀ ನಮ್ಮ ಬೀದಿಯ ಈರುಳ್ಳಿ ಅದರಲ್ಲೇ ನೆನೆಯಿತು.
ಅದಾದ ಮೇಲೆ ಮೈದುನ ಆರೋಗ್ಯರಾಜ್ ಕಟ್ಟಿಕೊಟ್ಟದ್ದು ಇದು,
ಬಕೆಟ್ಟು, ಪೈಪು, ಪಂಪು, ಮತ್ತೆ ಒಂದು ಭಾಷಣ.

ಪ್ಲಗ್ಗು ಕಿತ್ತು, ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿದೆ.
ಒಳಗೆ ಐದೆಸಳಿನ ಪುಟ್ಟ ಚಕ್ರ, ಬೆನ್ನಿಗೆ ಅಯಸ್ಕಾಂತ,
ನಡುವೆ ಅಗರಬತ್ತಿ ಕಡ್ಡಿಯಷ್ಟು ಸಪೂರ ಪಿಂಗಾಣಿ ದಂಡ.
ಮುರಿದಿತ್ತು.
ಎಸಳಿಗೆ ಸುತ್ತಿಕೊಂಡಿದ್ದು ಲೇಬಲ್ಲಿನ ಚೂರು,
ಜೊತೆಗೆ, ಹೇಳಲೇಬೇಕು, ನನ್ನದೇ ಗಿಳಿಹಸಿರು ದಾರ,
ಶನಿವಾರದ ಬ್ಲೌಸಿನದು.

ಬೈಯಲು ಯಾರೂ ಸಿಗಲಿಲ್ಲ.

ದಂಡದ ಜಾಗಕ್ಕೆ ಗೋಣಿ ಹೊಲಿಯುವ ಸೂಜಿಯ ತುಂಡು ಇಟ್ಟೆ.
ಅಯಸ್ಕಾಂತ ಅದನ್ನು ಅಪ್ಪಿಕೊಂಡಿತು,
ಎಷ್ಟೋ ವರ್ಷದ ಮೇಲೆ ಸಿಕ್ಕ ತಂಗಿಯ ಹಾಗೆ.
ಕಟಕಟ ಹಲ್ಲು ಕಡಿಯುತ್ತಾ ಮೂರು ಬಾಟಲಿ ತೊಳೆಯಿತು.
ಆಮೇಲೆ ಗುಂಯ್ ಕೂಡ ಇಲ್ಲ.

ಮಂಡಿ ಮೊಹಲ್ಲಾ. ಜಬೀವುಲ್ಲಾನ ಅಂಗಡಿಯಲ್ಲಿ
ಗೋಡೆ ತುಂಬ ತಾಮ್ರದ ಜಡೆಗಳು, ವಾರ್ನಿಷ್ಷಿನ ಘಾಟು.
ಪಂಪನ್ನು ಒಮ್ಮೆ ತಿರುವಿ ನೋಡಿ, ಮೇಜಿನ ಮೇಲೆ ಮೆಲ್ಲಗಿಟ್ಟ.
‘ಇದಕ್ಕೆ ರಿಪೇರಿ ಇಲ್ಲಮ್ಮಾ.
ಅಂಟಲ್ಲಿ ಮುಳುಗಿಸಿಬಿಟ್ಟಿರ್ತಾರೆ, ಬಿಚ್ಚೋ ಹಾಗೇ ಇಲ್ಲ.
ಕೆಟ್ಟೋಗ್ಲಿ ಅಂತಾನೇ ಮಾಡಿರೋದು.’
ನಲವತ್ತು ವರ್ಷ ಮೋಟಾರು ಸುತ್ತಿದ ಬೆರಳು
ಆ ಅಂಟನ್ನು ಒಮ್ಮೆ ಗೀರಿ ನೋಡಿತು.
ಅವನಿಗೂ ಸಿಟ್ಟು ಬಂದಿತ್ತು ಅನ್ನಿಸುತ್ತದೆ.

ಹಿಂದಿನ ಕೋಣೆಯಿಂದ ಬೇರೊಂದು ತಂದ,
ಯಾವುದೋ ಕಲ್ಯಾಣ ಮಂಟಪದ ಕಾರಂಜಿಯದು, ನಲವತ್ತು ವ್ಯಾಟು.
‘ಏನಕ್ಕೆ ಇದು?’
‘ಬಾಟಲಿ ತೊಳೆಯೋಕೆ.’
ಯಾವ ಬಾಟಲಿ ಅಂತ ಹನ್ನೊಂದು ವರ್ಷದಿಂದ ಕೇಳಿಲ್ಲ.
‘ನಮ್ಮನೆ ಕೇಕು ಬೇರೆ ಡಬ್ಬಿ ತಾನೆ?’
‘ನೀಲಿ ಡಬ್ಬಿ. ಬರೀ ಕಿತ್ತಳೆ ರಸ.’
‘ಹಾಗಾದ್ರೆ ನೂರಿಪ್ಪತ್ತು ಕೊಡಿ.’

ಬಾಯಿ ದೊಡ್ಡದು, ಪೈಪು ಸಣ್ಣದು;
ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ.
ಸ್ವಿಚ್ಚು ಹಾಕಿದರೆ ಮೊದಲ ನೀರು ಗುಲಾಬಿ,
ಎಷ್ಟು ಮದುಮಕ್ಕಳ ಬೆನ್ನ ಹಿಂದೆ ಚಿಮ್ಮಿದ್ದ ಬಣ್ಣವೋ.
ಬಕೆಟ್ಟು ಚೆಲ್ಲಿ, ತುಂಬಿ, ಮತ್ತೆ ಚೆಲ್ಲಿದೆ.
ಮೂರನೇ ಸಲಕ್ಕೆ ಸಾಸಿನ ಸೀಸೆ ಪೈಪಿನಿಂದ ಎದ್ದು
ಹ್ಯಾಂಗರಿನ ಬ್ಲೌಸುಗಳಿಗೆಲ್ಲ ಪವಿತ್ರ ಜಲ ಚಿಮುಕಿಸಿತು.

ಈಗ ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು.
ಹಳೆಯ ಚಕ್ರ ಗುಂಡಿ ಡಬ್ಬಿಯಲ್ಲಿದೆ,
ಯಾವ ಕಾಜಕ್ಕೂ ಹೊಂದದೆ.
ಸೀಸೆಯ ತಳಕ್ಕೆ ನೀರು ಒಳಗಿಂದ ಗುದ್ದುವುದು
ಗಾಜು ದಾಟಿ ಅಂಗೈಗೆ ತಾಕುತ್ತದೆ.
ಕೊಳೆಯಿದ್ದರೆ ಮಂದ. ಹೋದರೆ ಸಣ್ಣಗೆ ನಡುಕ.

ಆಗಿಲ್ಲ ಇದು.
ಇನ್ನೊಂದು ನಿಮಿಷ.